ಜನ ಮತ ಹಾಕಿ ಕೊಟ್ಟ ಕಾಡಿನ ದುಡ್ಡು ಬಜೆಟ್‌ನಲ್ಲಿ ಸೋರದಂತೆ ಕಾಯುವುದು ಹೇಗೆ?

2014ರ ನವೆಂಬರ್ 4ರಂದು ಅಮೆರಿಕದ ಫ್ಲೋರಿಡಾದಲ್ಲಿ ಮತ ಹಾಕಿದವರ ಪೈಕಿ ಶೇ 75ರಷ್ಟು ಮಂದಿ ಒಂದು ಸಂವಿಧಾನ ತಿದ್ದುಪಡಿಗೆ ಹೌದು ಎಂದರು. ಆಸ್ತಿ ಮಾರಾಟದಂಥ ದಸ್ತಾವೇಜುಗಳ ಮೇಲಿನ ಸ್ಟಾಂಪ್ ತೆರಿಗೆಯ ನಿವ್ವಳ ಆದಾಯದಲ್ಲಿ ಕನಿಷ್ಠ ಶೇ 33 ಭಾಗ 20 ವರ್ಷಗಳ ಕಾಲ ಭೂಮಿ ಮತ್ತು ನೀರಿನ ಸಂರಕ್ಷಣೆಗೆ ಹೋಗಬೇಕು ಎನ್ನುವುದು ಅದರ ತಿರುಳು. ಮೂರೇ ವರ್ಷಕ್ಕೆ, 2017ರ ಬಜೆಟ್‌ನಲ್ಲಿ, ಆ ರಾಜ್ಯದ ಮುಖ್ಯ ಭೂಖರೀದಿ ಯೋಜನೆಯಾದ ‘ಫ್ಲೋರಿಡಾ ಫಾರೆವರ್’ಗೆ ಒಂದು ಡಾಲರೂ ಸಿಗಲಿಲ್ಲ. ಹಿಂದೆ ಅದೇ ಯೋಜನೆಗೆ ವರ್ಷಕ್ಕೆ 30 ಕೋಟಿ ಡಾಲರ್ ಸಿಗುತ್ತಿದ್ದ ಕಾಲವಿತ್ತು.

ಹಾಗಾದರೆ ದುಡ್ಡನ್ನು ಯಾರಾದರೂ ಕದ್ದರೇ? ಇಲ್ಲ. ತೆರಿಗೆ ಬಂತು, ಶೇ 33 ಭಾಗ ಬೇರೆ ನಿಧಿಗೂ ಹೋಯಿತು. ಅಲ್ಲಿಂದ ಸಿಬ್ಬಂದಿಯ ಸಂಬಳ, ವಿಮೆಯ ಕಂತು, ಇಲಾಖೆಯ ದಿನನಿತ್ಯದ ಖರ್ಚು ಹೊರಟವು. ಆ ಖರ್ಚುಗಳಿಗೆ ಮೊದಲು ದುಡ್ಡು ಕೊಡುತ್ತಿದ್ದ ಸಾಮಾನ್ಯ ನಿಧಿ, ಅಂದರೆ ಯಾವ ಖರ್ಚಿಗೂ ಮೀಸಲಿಡದ ರಾಜ್ಯದ ಹಣ, ಹಗುರಾಯಿತು. ಮೀಸಲು ಹಣ ಸೋರುವುದು ಬಹುತೇಕ ಹೀಗೇ. ಆದ್ದರಿಂದ ಕಾವಲು ಕೂರುವವರು ಮೀಸಲು ನಿಧಿಯ ಪೆಟ್ಟಿಗೆಯನ್ನಷ್ಟೇ ನೋಡುತ್ತ ಕೂತರೆ ಏನೂ ಕಾಣುವುದಿಲ್ಲ. ಪಕ್ಕದ ಪೆಟ್ಟಿಗೆಯನ್ನು ನೋಡಬೇಕು.

ಅಮೆರಿಕದ ರಾಜ್ಯಗಳಲ್ಲಿ ಮತದಾರರಾಗಿರುವ ಕನ್ನಡಿಗರು, ಅಲ್ಲಿನ ಪರಿಸರ ಸಂಘಟನೆಗಳ ಜೊತೆ ಕೆಲಸ ಮಾಡುವವರು ಈ ಕೆಲಸವನ್ನು ಹಂತಹಂತವಾಗಿ ಹೇಗೆ ಮಾಡಬಹುದು ಎನ್ನುವುದು ಇಲ್ಲಿದೆ. ಭಾರತದಲ್ಲಿ ಜನರೇ ಮತ ಹಾಕಿ ತೆರಿಗೆ ಮೀಸಲಿಡುವ ಪದ್ಧತಿ ಇಲ್ಲ. ಆದರೂ ಪರಿಹಾರಾತ್ಮಕ ಅರಣ್ಯೀಕರಣದ ‘ಕಾಂಪಾ’ ನಿಧಿಯ ಹಣದಲ್ಲಿ ಉತ್ತರಾಖಂಡದಲ್ಲಿ ಐಫೋನ್, ಫ್ರಿಜ್ ಕೊಂಡದ್ದನ್ನು ಮಹಾಲೇಖಪಾಲರ ವರದಿ ಎತ್ತಿ ತೋರಿಸಿದ್ದು ನೆನಪಿರುವವರಿಗೆ ಇಲ್ಲಿನ ಅರ್ಧ ಮಾತು ಪರಿಚಿತವೇ.

ಮೊದಲು: ನಿಮ್ಮ ನಿಧಿ ಯಾವ ಜಾತಿಯದು?

ಮತಪತ್ರದಲ್ಲಿ ಗೆದ್ದದ್ದೆಲ್ಲ ಒಂದೇ ಅಲ್ಲ. ಅದು ರಾಜ್ಯದ ಸಂವಿಧಾನಕ್ಕೆ ಸೇರಿದ ತಿದ್ದುಪಡಿಯೋ, ಬರೀ ಕಾನೂನೋ ಎಂದು ತಿಳಿಯದೆ ಮುಂದಿನ ಹೆಜ್ಜೆ ಇಡಬೇಡಿ. ಕಾನೂನಾದರೆ ಬಹಳ ರಾಜ್ಯಗಳಲ್ಲಿ ಶಾಸನಸಭೆ ಅದನ್ನು ಸರಳ ಬಹುಮತದಿಂದಲೇ ಬದಲಿಸಬಹುದು.

ಅರಿಜೋನಾದವರು ಇದಕ್ಕೆ ದುಬಾರಿ ಬೆಲೆ ತೆತ್ತರು. 1990ರಲ್ಲಿ ಅಲ್ಲಿನ ಜನ ಲಾಟರಿ ಆದಾಯದಿಂದ ವರ್ಷಕ್ಕೆ 2 ಕೋಟಿ ಡಾಲರ್‌ವರೆಗೆ ‘ಹೆರಿಟೇಜ್ ಫಂಡ್’ಗೆ ಕೊಟ್ಟರು: ಅರ್ಧ ವನ್ಯಜೀವಿ ಇಲಾಖೆಗೆ, ಅರ್ಧ ರಾಜ್ಯದ ಉದ್ಯಾನಗಳಿಗೆ. ಮತದಾರರ ಕಾನೂನನ್ನು ಬದಲಿಸಲು ನಾಲ್ಕರಲ್ಲಿ ಮೂರು ಪಾಲು ಶಾಸಕರು ಒಪ್ಪಬೇಕು, ಆ ಬದಲಾವಣೆ ಮೂಲ ಉದ್ದೇಶವನ್ನೇ ಮುಂದುವರಿಸಬೇಕು ಎಂಬ ರಕ್ಷಣೆ ಅಲ್ಲಿ ಬಂದದ್ದು 1998ರಲ್ಲಿ. ಅದಕ್ಕೂ ಮುಂಚಿನ ಹೆರಿಟೇಜ್ ಫಂಡ್‌ಗೆ ಆ ಕೊಡೆ ಇರಲಿಲ್ಲ. ಆರ್ಥಿಕ ಹಿಂಜರಿತದ ನಡುವೆ, 2010ರಲ್ಲಿ, ಉದ್ಯಾನಗಳ ಪಾಲನ್ನು ಶಾಸನಸಭೆ ಕಿತ್ತುಹಾಕಿತು.

ಮೊಂಟಾನಾದಲ್ಲಿ ತೊಡಕು ಇನ್ನೊಂದು ಬಗೆಯದು. ಅಲ್ಲಿನ ಸಂವಿಧಾನದ ಪ್ರಕಾರ ಜನರು ಉಪಕ್ರಮದ ಮೂಲಕ, ಅಂದರೆ ಸಹಿ ಸಂಗ್ರಹಿಸಿ ಮತಕ್ಕೆ ಇಟ್ಟು, ಕಾನೂನು ಮಾಡಬಹುದು, ಹಣ ಹಂಚುವಂತಿಲ್ಲ. 2020ರಲ್ಲಿ ಗಾಂಜಾ ತೆರಿಗೆಯ ಹೆಚ್ಚುಕಡಿಮೆ ಅರ್ಧ ಸಂರಕ್ಷಣೆಗೆ ಎಂದು ಜನ ಮತ ಹಾಕಿದರು. ಮರುವರ್ಷವೇ ಶಾಸನಸಭೆ ಆ ಲೆಕ್ಕವನ್ನು ತನಗೆ ಬೇಕಾದಂತೆ ತಿದ್ದಿ ಬರೆಯಿತು.

ಅಯೋವಾದ ಕಥೆ ಇನ್ನೂ ವಿಚಿತ್ರ. 2010ರಲ್ಲಿ ಶೇ 63 ಮಂದಿ ಒಪ್ಪಿ ಸಂವಿಧಾನದಲ್ಲೇ ನಿಸರ್ಗ ನಿಧಿ ಸ್ಥಾಪಿಸಿದರು. ಮುಂದೆ ಮಾರಾಟ ತೆರಿಗೆ ಏರಿಸಿದಾಗ ಮೊದಲ ಶೇ 3/8 ಭಾಗ ಅದಕ್ಕೆ ಎಂದು ಬರೆದರು. ಶಾಸನಸಭೆ ತೆರಿಗೆ ಏರಿಸುವ ಗೋಜಿಗೇ ಹೋಗಲಿಲ್ಲ. ಹತ್ತು ವರ್ಷಕ್ಕೂ ಮೀರಿ ನಿಧಿ ಖಾಲಿ ಕೂತಿತು. ಹುಂಡಿ ಇಟ್ಟು ದೇವಸ್ಥಾನದ ಬಾಗಿಲು ಹಾಕಿದ ಹಾಗೆ.

ಮೂಲ ಪಠ್ಯವನ್ನು ಪೆನ್ನು ಹಿಡಿದು ಓದುವುದು

ಪ್ರಚಾರದ ಕರಪತ್ರವನ್ನು ಪಕ್ಕಕ್ಕಿಡಿ. ಮತಪತ್ರದ ಸಾರಾಂಶವೂ ಸಾಲದು. ಫ್ಲೋರಿಡಾದಲ್ಲಿ ಶೀರ್ಷಿಕೆಗೆ 15 ಪದ, ಸಾರಾಂಶಕ್ಕೆ 75 ಪದದ ಮಿತಿ ಇದೆ, ಅಷ್ಟರಲ್ಲಿ ಹೇಳಬೇಕಾದ್ದೆಲ್ಲ ಹಿಡಿಯುವುದಿಲ್ಲ. ತಿದ್ದುಪಡಿಯ ಪೂರ್ಣ ಪಠ್ಯ ಮುದ್ರಿಸಿಕೊಂಡು ಈ ಮಾತುಗಳಿಗೆ ಅಡಿಗೆರೆ ಎಳೆಯಿರಿ:

• ‘ಕನಿಷ್ಠ’ ಇದೆಯೋ, ‘ಗರಿಷ್ಠ’ ಇದೆಯೋ? ಲಾಟರಿ ನಿಧಿಗಳಲ್ಲಿ ಗರಿಷ್ಠ ಮಿತಿ ಸಾಮಾನ್ಯ.
• ‘ನಿವ್ವಳ’ ಎಂದರೆ ಏನೇನು ಕಳೆದ ಮೇಲೆ? ವಸೂಲಿ ವೆಚ್ಚ, ಸೇವಾ ಶುಲ್ಕ ಎಂದು ಮೊದಲೇ ಎಷ್ಟು ಕಡಿಯುತ್ತಾರೆ?
• ‘ಕಾನೂನಿನಲ್ಲಿ ಹೇಳಿದಂತೆ’ ಎಂಬ ಮಾತು. ಇದು ಇದ್ದರೆ ವಿವರ ತುಂಬುವ ಕೈ ಶಾಸನಸಭೆಯದು.
• ಇತರ ಹಣದ ಜೊತೆ ಬೆರೆಸಬಾರದು ಎಂಬ ಷರತ್ತು.
• ಇರುವ ಅನುದಾನಕ್ಕೆ ಸೇರಿಕೆಯೋ, ಬದಲಿಯೋ?
• ತುರ್ತು ಸಂದರ್ಭದಲ್ಲಿ ತಡೆಹಿಡಿಯುವ ಅವಕಾಶ, ಅದಕ್ಕೆ ಬೇಕಾದ ಬಹುಮತ.
• ಮುಗಿಯುವ ದಿನ.

ಐದನೆಯದೇ ಎಲ್ಲಕ್ಕಿಂತ ಮುಖ್ಯ. ಮಿನೆಸೋಟದ 2008ರ ‘ಲೆಗಸಿ’ ತಿದ್ದುಪಡಿ ಮಾರಾಟ ತೆರಿಗೆಯನ್ನು ಶೇ 3/8ರಷ್ಟು ಏರಿಸಿ ಅದನ್ನು ವನ್ಯನೆಲೆ, ಶುದ್ಧ ನೀರು, ಉದ್ಯಾನ, ಕಲೆ ಎಂದು ನಾಲ್ಕು ಪಾಲು ಮಾಡಿತು. ಈ ಹಣ ಹಳೆಯ ಅನುದಾನಕ್ಕೆ ಸೇರಿಕೆಯಾಗಬೇಕು, ಅದರ ಜಾಗಕ್ಕೆ ಬರಕೂಡದು ಎಂದು ಸಂವಿಧಾನದಲ್ಲೇ ಬರೆಯಿತು. ಫ್ಲೋರಿಡಾದ ತಿದ್ದುಪಡಿಯಲ್ಲಿ ಸಾಮಾನ್ಯ ನಿಧಿಯ ಜೊತೆ ಬೆರೆಸಬಾರದು ಎಂದಿದೆ, ಹಳೆಯ ಅನುದಾನವನ್ನು ಉಳಿಸಿಕೊಳ್ಳಬೇಕು ಎಂದಿಲ್ಲ. ಅದೇ ಪಠ್ಯ ಭೂಮಿಯ ಖರೀದಿಯ ಜೊತೆಗೆ ಸುಧಾರಣೆ, ನಿರ್ವಹಣೆ, ಪುನಶ್ಚೇತನವನ್ನೂ ಒಳಗೊಂಡಿದೆ. ಹಾಗಾಗಿ ಅರಣ್ಯ ರಕ್ಷಕರ ಸಂಬಳ ಕಂಡ ಕೂಡಲೇ ಲೂಟಿ ಎಂದು ಕೂಗಿದರೆ ಎದುರಿನವರು ಪಠ್ಯ ತೆಗೆದು ತೋರಿಸುತ್ತಾರೆ, ನಿಮ್ಮ ಉಳಿದ ಮಾತೂ ಹಗುರವಾಗುತ್ತದೆ. ಕೊಂಡ ಭೂಮಿಯನ್ನು ಕಳೆ ಗಿಡಗಳಿಗೆ ಬಿಟ್ಟುಬಿಡುವುದೂ ಸಂರಕ್ಷಣೆಯಲ್ಲ.

ಲೆಕ್ಕದ ಪಟ್ಟಿ ಕಟ್ಟುವುದು

ಇಡೀ ಕೆಲಸದ ಬೆನ್ನೆಲುಬು ಇದು. ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಅಡ್ಡಸಾಲಿಗೆ ಹಣಕಾಸು ವರ್ಷಗಳು. ಮತದಾನಕ್ಕಿಂತ ಹಿಂದಿನ ಮೂರು ವರ್ಷಗಳಿಂದ ಶುರುಮಾಡಿ, ಒಂದೇ ವರ್ಷ ಆಧಾರವಾಗಿಟ್ಟುಕೊಂಡರೆ ಆ ವರ್ಷ ಅಸಾಮಾನ್ಯವಾಗಿತ್ತು ಎಂದು ತಳ್ಳಿಹಾಕುತ್ತಾರೆ. ಕಂಬಸಾಲುಗಳಲ್ಲಿ ಇಷ್ಟು ಬೇಕು: ಸಂರಕ್ಷಣೆಗೆ ಸಾಮಾನ್ಯ ನಿಧಿಯಿಂದ ಬಂದದ್ದು, ಮೀಸಲು ನಿಧಿಯಿಂದ ಬಂದದ್ದು, ಕೇಂದ್ರ ಸರ್ಕಾರದ ನೆರವು, ಪರವಾನಗಿ ಶುಲ್ಕ, ಸಾಲಪತ್ರಗಳ ಅಸಲು ಬಡ್ಡಿ, ನಿಧಿಯಿಂದ ಹೊರಗೆ ವರ್ಗಾವಣೆಯಾದದ್ದು, ಕೊನೆಗೆ ಹಣದುಬ್ಬರ ಕಳೆದ ಮೊತ್ತ.

ಒಂದು ಕಾಲ್ಪನಿಕ ಲೆಕ್ಕ ನೋಡಿ. ಇಲಾಖೆಗೆ ಮೊದಲು ಸಾಮಾನ್ಯ ನಿಧಿಯಿಂದ 12 ಕೋಟಿ ಡಾಲರ್ ಬರುತ್ತಿತ್ತು. ಜನ ಮತ ಹಾಕಿ ವರ್ಷಕ್ಕೆ 8 ಕೋಟಿ ಹೊಸದಾಗಿ ಕೊಟ್ಟರು. 20 ಕೋಟಿ ಆಗಬೇಕು. ಬಜೆಟ್‌ನಲ್ಲಿ ಸಾಮಾನ್ಯ ನಿಧಿಯ ಪಾಲು 6 ಕೋಟಿಗೆ ಇಳಿಯುತ್ತದೆ, ಒಟ್ಟು 14 ಕೋಟಿ. ಮೀಸಲು ಹಣದ 8 ಕೋಟಿಯೂ ಸಂರಕ್ಷಣೆಗೇ ಹೋಗಿದೆ, ಲೆಕ್ಕಪರಿಶೋಧಕರು ತಪ್ಪು ಹಿಡಿಯಲಾರರು. ಆದರೆ ಜನ ಕೊಟ್ಟ 8 ಕೋಟಿಯಲ್ಲಿ ಕಾಡಿಗೆ ಹೆಚ್ಚುವರಿಯಾಗಿ ಸಿಕ್ಕಿದ್ದು 2 ಕೋಟಿ. ವರ್ಷಕ್ಕೆ ಶೇ 3ರ ಹಣದುಬ್ಬರ ಹಿಡಿದರೆ ಹಳೆಯ 12 ಕೋಟಿಯ ಬೆಲೆ ಐದು ವರ್ಷದಲ್ಲಿ 13.9 ಕೋಟಿ. 14 ಕೋಟಿ ಅಲ್ಲೇ ನಿಂತಿದ್ದರೆ ಲಾಭ ಸೊನ್ನೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಅಂಕಿಗಳು ಸಿಗುವ ಜಾಗ: ರಾಜ್ಯಪಾಲರು ಮಂಡಿಸುವ ಬಜೆಟ್, ಅಂಗೀಕಾರವಾದ ಧನವಿನಿಯೋಗ ವಿಧೇಯಕ, ವರ್ಷಾಂತ್ಯದ ವಾರ್ಷಿಕ ಹಣಕಾಸು ವರದಿ. (ಅಮೆರಿಕದ ರಾಜ್ಯಪಾಲರೆಂದರೆ ಚುನಾಯಿತರು, ಅಧಿಕಾರದಲ್ಲಿ ನಮ್ಮ ಮುಖ್ಯಮಂತ್ರಿಯಂಥವರು ಎನ್ನುವುದು ನೆನಪಿರಲಿ.) ಹಂಚಿಕೆಯಾದ ಹಣವನ್ನೂ ಖರ್ಚಾದ ಹಣವನ್ನೂ ಒಂದೇ ಸಾಲಿನಲ್ಲಿ ಬೆರೆಸುವುದು ಹೊಸಬರ ಸಾಮಾನ್ಯ ತಪ್ಪು. ಹಂಚಿ, ಖರ್ಚು ಮಾಡದೆ ಬಿಟ್ಟು, ಬಾಕಿ ಉಳಿದದ್ದನ್ನು ವರ್ಷಾಂತ್ಯಕ್ಕೆ ಗುಡಿಸಿ ಸಾಮಾನ್ಯ ನಿಧಿಗೆ ಹಾಕುವುದೂ ಒಂದು ದಾರಿ. ಎರಡೂ ಅಂಕಿ ಬೇರೆಬೇರೆ ಇದ್ದರೆ ಮಾತ್ರ ಅದು ಕಾಣುತ್ತದೆ.

ಬಹುಪಾಲು ರಾಜ್ಯಗಳಲ್ಲಿ ಹಣಕಾಸು ವರ್ಷ ಜುಲೈ 1ಕ್ಕೆ ಶುರು. ನ್ಯೂಯಾರ್ಕ್‌ನಲ್ಲಿ ಏಪ್ರಿಲ್ 1, ಟೆಕ್ಸಸ್‌ನಲ್ಲಿ ಸೆಪ್ಟೆಂಬರ್ 1, ಮಿಷಿಗನ್ ಮತ್ತು ಅಲಬಾಮದಲ್ಲಿ ಅಕ್ಟೋಬರ್ 1. ರಾಜ್ಯಗಳನ್ನು ಹೋಲಿಸುವಾಗ ಇದು ಕೈಕೊಡುತ್ತದೆ.

ದಾಖಲೆ ಕೇಳುವುದು

ಪ್ರಕಟವಾದ ಬಜೆಟ್‌ನಲ್ಲಿ ‘ನಿರ್ವಹಣೆ’ ಎಂಬ ಒಂದೇ ಸಾಲಿನಡಿ ಏನೇನೋ ಅಡಗಿರುತ್ತದೆ. ಬಿಡಿಸಿ ನೋಡಲು ದಾಖಲೆ ಕೇಳಬೇಕು. ಒಕ್ಕೂಟದ ಮಾಹಿತಿ ಹಕ್ಕು ಕಾನೂನು ರಾಜ್ಯದ ಇಲಾಖೆಗಳಿಗೆ ಅನ್ವಯಿಸುವುದಿಲ್ಲ. ಆಯಾ ರಾಜ್ಯದ ಸಾರ್ವಜನಿಕ ದಾಖಲೆ ಕಾನೂನನ್ನು ಉಲ್ಲೇಖಿಸಿ ಅರ್ಜಿ ಬರೆಯಿರಿ: ಫ್ಲೋರಿಡಾದಲ್ಲಿ 119ನೇ ಅಧ್ಯಾಯ, ಮಿನೆಸೋಟದಲ್ಲಿ ಡೇಟಾ ಪ್ರಾಕ್ಟೀಸಸ್ ಆಕ್ಟ್.

‘ನಿಧಿಯ ಬಳಕೆಯ ಬಗ್ಗೆ ಎಲ್ಲ ದಾಖಲೆ ಕೊಡಿ’ ಎಂದರೆ ದೊಡ್ಡ ಬಿಲ್ಲೂ ಸಾವಿರಾರು ಪುಟವೂ ಬರುತ್ತವೆ, ಬೇಕಾದ್ದು ಬರುವುದಿಲ್ಲ. ಹೀಗೆ ಕೇಳಿ: ಇಂಥ ನಿಧಿ ಸಂಕೇತದಿಂದ (ಲೆಕ್ಕಪತ್ರದಲ್ಲಿ ಪ್ರತಿ ನಿಧಿಗೆ ಕೊಟ್ಟ ಗುರುತು) ಇಂಥ ವರ್ಷ ಸಂಬಳ ಪಡೆದ ಹುದ್ದೆಗಳ ಪಟ್ಟಿ, ಅದೇ ಹುದ್ದೆಗಳಿಗೆ ಹಿಂದಿನ ವರ್ಷ ಸಂಬಳ ಕೊಟ್ಟ ನಿಧಿ ಸಂಕೇತ, ಈ ನಿಧಿಯಿಂದ ಬೇರೆ ನಿಧಿಗೆ ಆದ ಪ್ರತಿ ವರ್ಗಾವಣೆಯ ಜರ್ನಲ್ ನಮೂದು. ಎಕ್ಸೆಲ್ ರೂಪದಲ್ಲೇ ಬೇಕು ಎಂದು ಸೇರಿಸಿ, ಇಲ್ಲವಾದರೆ ಸ್ಕ್ಯಾನ್ ಮಾಡಿದ ಪಿಡಿಎಫ್ ಕೈಗೆ ಬರುತ್ತದೆ. ಮೊದಲೆರಡು ಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟರೆ ಅದೇ ಹುದ್ದೆ, ಅದೇ ಮೇಜು, ದುಡ್ಡು ಮಾತ್ರ ಬೇರೆ ಪೆಟ್ಟಿಗೆಯಿಂದ ಬರುತ್ತಿರುವುದು ಗೊತ್ತಾಗುತ್ತದೆ. ವಾದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಇಲ್ಲ.

ಬಜೆಟ್ ಕಾಲದಲ್ಲಿ ಎಲ್ಲಿ ಕಣ್ಣಿಡಬೇಕು

ರಾಜ್ಯಪಾಲರ ಬಜೆಟ್ ಸಾಮಾನ್ಯವಾಗಿ ವರ್ಷದ ಆರಂಭದಲ್ಲಿ ಬರುತ್ತದೆ. ಅದರಲ್ಲಿ ಎಲ್ಲ ಚೆನ್ನಾಗಿದೆ ಎಂದು ನಿದ್ದೆ ಮಾಡಬೇಡಿ. ನಿಜವಾದ ಕೈಚಳಕ ನಡೆಯುವುದು ಎರಡು ಸದನಗಳ ಸಮನ್ವಯ ಸಮಿತಿಯಲ್ಲಿ, ಕೊನೆಯ ವಾರಗಳಲ್ಲಿ. ಫ್ಲೋರಿಡಾದಲ್ಲಿ ಅಂತಿಮ ಬಜೆಟ್ ಎಲ್ಲರ ಕೈಸೇರಿ 72 ಗಂಟೆ ಕಳೆಯದೆ ಅದನ್ನು ಮತಕ್ಕೆ ಹಾಕುವಂತಿಲ್ಲ. ಅಂದರೆ ನೂರಾರು ಪುಟ ಓದಲು ನಿಮಗಿರುವುದು ಮೂರು ದಿನ. ಯಾರು ಯಾವ ಇಲಾಖೆಯ ಭಾಗ ಓದಬೇಕೆಂದು ಮೊದಲೇ ಹಂಚಿಕೊಂಡಿರಿ.

ಮುಖ್ಯ ವಿಧೇಯಕದ ಜೊತೆ ಬರುವ ಅನುಷ್ಠಾನ ವಿಧೇಯಕಗಳನ್ನೂ ಅಂಕಿಗಳ ಕೆಳಗೆ ಸಣ್ಣಕ್ಷರದಲ್ಲಿ ಬರುವ ಷರತ್ತುಗಳನ್ನೂ ಬಿಡಬೇಡಿ. ಅವುಗಳಲ್ಲಿ ಹುಡುಕಬೇಕಾದ ಮಾತು ಒಂದೇ: ‘ಬೇರೆ ಯಾವುದೇ ಕಾನೂನಿನಲ್ಲಿ ಏನೇ ಇದ್ದರೂ’. ಈ ಮಾತು ಬಂದಲ್ಲಿ ಯಾವುದೋ ರಕ್ಷಣೆ ಆ ವರ್ಷದ ಮಟ್ಟಿಗೆ ಬದಿಗೆ ಸರಿದಿದೆ ಎಂದರ್ಥ. ‘ಬಳಕೆಯಾಗದ ಶಿಲ್ಕು’, ‘ಒಮ್ಮೆಗೆ ಮಾತ್ರ ವರ್ಗಾವಣೆ’ ಎನ್ನುವ ಮಾತುಗಳನ್ನೂ ಹುಡುಕಿ. ಒಮ್ಮೆಗೆ ಮಾತ್ರ ಎಂದದ್ದು ಮರುವರ್ಷವೂ ತಲೆಯೆತ್ತುವುದುಂಟು.

ತೆಗೆದದ್ದು ಸಾಲವೆಂದು ಹೇಳಿದರೆ ಮೂರು ಪ್ರಶ್ನೆ: ವಾಪಸು ಯಾವ ದಿನ, ಬಡ್ಡಿ ಎಷ್ಟು, ಯಾವ ನಿಧಿಯಿಂದ? ಮೂರಕ್ಕೂ ಉತ್ತರ ವಿಧೇಯಕದಲ್ಲಿ ಬರೆದಿರದಿದ್ದರೆ ಅದು ಸಾಲವಲ್ಲ.

ಸಮಿತಿಯ ಮುಂದೆ ಮಾತು

ಸಿಗುವುದು ಎರಡು ಮೂರು ನಿಮಿಷ. ನಿಸರ್ಗದ ಮಹತ್ವ ಹೇಳುತ್ತ ಕೂತರೆ ಅಷ್ಟರಲ್ಲೇ ಗಂಟೆ ಬಾರಿಸುತ್ತಾರೆ. ಒಂದು ಪುಟ ಕೊಡಿ: ಮೇಲೆ ತಿದ್ದುಪಡಿಯ ಸಾಲು, ನಡುವೆ ನಿಮ್ಮ ಪಟ್ಟಿಯ ನಾಲ್ಕು ಅಂಕಿ, ಕೆಳಗೆ ಆ ಶಾಸಕರ ಕ್ಷೇತ್ರದಲ್ಲಿ ನಿಂತುಹೋದ ಕಾಮಗಾರಿ. ಹಿಂದಿನ ಚುನಾವಣೆಯಲ್ಲಿ ಅದೇ ಕ್ಷೇತ್ರದಲ್ಲಿ ತಿದ್ದುಪಡಿಗೆ ಬಿದ್ದ ಶೇಕಡಾವಾರು ಮತವನ್ನು ಸೇರಿಸಿ. ಶಾಸಕರಿಗಿಂತ ತಿದ್ದುಪಡಿಗೇ ಹೆಚ್ಚು ಮತ ಬಿದ್ದಿದ್ದರೆ ಬೇರೆ ಮಾತು ಬೇಕಿಲ್ಲ.

ಪರಿಸರ ಸಂಘಟನೆಗಳಷ್ಟೇ ಬಂದರೆ ನಿರೀಕ್ಷಿತ ಮುಖಗಳು. ಬೇಟೆಗಾರರು, ಮೀನು ಹಿಡಿಯುವವರು, ಭೂಮಿಯ ಹಕ್ಕು ಭಾಗಶಃ ಮಾರಿ ಕೃಷಿ ಮುಂದುವರಿಸಿದ ರೈತರು, ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಪ್ರತಿನಿಧಿಗಳು ಜೊತೆಗಿರಲಿ. ಮೊಂಟಾನಾದಲ್ಲಿ 2023ರಲ್ಲಿ ಗಾಂಜಾ ತೆರಿಗೆಯನ್ನು ಕೌಂಟಿ ರಸ್ತೆಗಳಿಗೂ ವನ್ಯನೆಲೆಗೂ ಹಂಚುವ ವಿಧೇಯಕಕ್ಕೆ 150 ಶಾಸಕರಲ್ಲಿ 130 ಮಂದಿ ಕೈ ಎತ್ತಿದ್ದು ಇಂಥ ಕೂಟದಿಂದಲೇ. ಆದರೆ ಅಧಿವೇಶನದ ಕೊನೆ ಗಳಿಗೆಯಲ್ಲಿ ರಾಜ್ಯಪಾಲರು ತಡೆ ಹಾಕಿದರು. ಅದನ್ನು ಮೀರುವ ಮತದಾನ ಕೋರ್ಟು ಕಟ್ಟೆ ಹತ್ತಿ, 2024ರಲ್ಲಿ ನಡೆದಾಗ ಸಾಕಷ್ಟು ಮತ ಬರಲಿಲ್ಲ. ಅಧಿವೇಶನ ಮುಗಿಯಲು ಕೆಲವು ವಾರ ಇರುವಾಗಲೇ ವಿಧೇಯಕ ರಾಜ್ಯಪಾಲರ ಮೇಜಿಗೆ ಹೋಗಿದ್ದರೆ ಸದನದಲ್ಲೇ ತೀರ್ಮಾನವಾಗುತ್ತಿತ್ತು.

ಇಲ್ಲಿ ಎರಡು ಕಾನೂನಿನ ಎಚ್ಚರ. ತೆರಿಗೆ ವಿನಾಯಿತಿ ಇರುವ 501(ಸಿ)(3) ಸಂಸ್ಥೆ ಶಾಸಕರ ಮೇಲೆ ಒತ್ತಡ ತರಬಹುದು, ಅಭ್ಯರ್ಥಿಯ ಪರ ವಿರೋಧ ಮಾತಾಡುವಂತಿಲ್ಲ. ತೆರಿಗೆ ಇಲಾಖೆಯ 5768 ನಮೂನೆ ತುಂಬಿ 501(ಎಚ್) ಆಯ್ಕೆ ಮಾಡಿಕೊಂಡರೆ ಒತ್ತಡ ತರಲು ಮಾಡಬಹುದಾದ ಖರ್ಚಿನ ಮಿತಿ ಸ್ಪಷ್ಟ: ಸಂಸ್ಥೆ ತನ್ನ ಮೂಲ ಉದ್ದೇಶಕ್ಕೆ ಮಾಡುವ ವೆಚ್ಚದ ಮೊದಲ 5 ಲಕ್ಷ ಡಾಲರ್‌ನಲ್ಲಿ ಶೇ 20, ಆಮೇಲೆ ಇಳಿಯುತ್ತ ಹೋಗಿ ಒಟ್ಟು ಗರಿಷ್ಠ 10 ಲಕ್ಷ ಡಾಲರ್. ಸ್ವಯಂಸೇವಕರ ಸಮಯ ಈ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು, ಎಚ್-1ಬಿ ವೀಸಾದಲ್ಲಿರುವವರಿಗೆ: ಸಮಿತಿಯ ಮುಂದೆ ಮಾತಾಡಬಹುದು, ಶಾಸಕರಿಗೆ ಪತ್ರ ಬರೆಯಬಹುದು. ಯಾವ ಅಭ್ಯರ್ಥಿಗೂ ದೇಣಿಗೆ ಕೊಡುವಂತಿಲ್ಲ. ಜನಮತದ ಪ್ರಚಾರಕ್ಕೆ ದೇಣಿಗೆ ಕೊಡುವ ವಿಚಾರದಲ್ಲಿ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ, ವಕೀಲರನ್ನು ಕೇಳದೆ ಚೆಕ್ ಬರೆಯಬೇಡಿ.

ಕೋರ್ಟು

ಕೊನೆಯ ದಾರಿ, ಆದರೆ ತಡವಾಗಿ ಹಿಡಿಯುವ ದಾರಿಯಲ್ಲ. ಮೀಸಲು ಹಣ ದಿನನಿತ್ಯದ ಖರ್ಚಿಗೆ ಹೋದದ್ದನ್ನು ಪ್ರಶ್ನಿಸಿ ಫ್ಲೋರಿಡಾದ ಪರಿಸರ ಸಂಘಟನೆಗಳು ಹೂಡಿದ ಮೊಕದ್ದಮೆ 2015ರಲ್ಲಿ ಶುರುವಾಯಿತು. 2018ರ ಜೂನ್‌ನಲ್ಲಿ ಲಿಯಾನ್ ಕೌಂಟಿಯ ನ್ಯಾಯಾಧೀಶ ಚಾರ್ಲ್ಸ್ ಡಾಡ್ಸನ್ ಸಂಘಟನೆಗಳ ಪರ ತೀರ್ಪಿತ್ತರು. 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು, ತಿದ್ದುಪಡಿಯ ಮುಂಚೆ ಕೊಂಡ ಭೂಮಿಗೂ ಹಣ ಬಳಸಬಹುದು ಎಂದಿತು. ಪ್ರಕರಣ ಕೆಳಗೆ ಮರಳಿ, 2022ರಲ್ಲಿ, ಪ್ರಶ್ನಿಸಿದ ಬಜೆಟ್‌ನ ಹಣ ಯಾವತ್ತೋ ಖರ್ಚಾಗಿ ಹೋಗಿದೆ, ಇನ್ನು ತೀರ್ಪು ಕೊಟ್ಟು ಫಲವಿಲ್ಲ ಎಂದು ವಜಾ ಆಯಿತು. ಏಳು ವರ್ಷ!

ಇದರಿಂದ ವಕೀಲರಿಗೆ ಹೇಳಬೇಕಾದ್ದು: ಒಂದೇ ವರ್ಷದ ಹಂಚಿಕೆಯನ್ನು ಪ್ರಶ್ನಿಸಿ ನಿಲ್ಲಬೇಡಿ, ಪ್ರತಿ ಹೊಸ ಬಜೆಟ್ ಬಂದಾಗ ಅರ್ಜಿಗೆ ಅದನ್ನು ಸೇರಿಸಿ, ಪಠ್ಯದ ಅರ್ಥದ ಬಗ್ಗೆ ಘೋಷಣೆಯನ್ನೂ ಕೇಳಿ, ಹಣ ಹೊರಹೋಗುವ ಮುನ್ನ ತಾತ್ಕಾಲಿಕ ತಡೆಯನ್ನೂ ಕೇಳಿ.

ಮಿನೆಸೋಟದಲ್ಲಿ ಆಟ ಬೇರೆ ರೀತಿ ನಡೆಯಿತು. ಅಲ್ಲಿನ ಪರಿಸರ ಟ್ರಸ್ಟ್ ನಿಧಿಗೆ ಲಾಟರಿಯ ನಿವ್ವಳ ಆದಾಯದ ಶೇ 40 ಸಂವಿಧಾನದ ಪ್ರಕಾರವೇ ಸೇರುತ್ತದೆ. 2018ರಲ್ಲಿ ಶಾಸನಸಭೆ 9.8 ಕೋಟಿ ಡಾಲರ್‌ನ ಕಾಮಗಾರಿಗಳಿಗೆ ಸಾಲಪತ್ರ ಹೊರಡಿಸಿ ಅದರ ಅಸಲು ಬಡ್ಡಿಯನ್ನು ಈ ನಿಧಿಯ ತಲೆಗೆ ಕಟ್ಟಿತು. ಕೊಳಚೆ ನೀರಿನ ಸ್ಥಾವರಗಳೂ ಅದರಲ್ಲಿದ್ದವು. ಸಂಘಟನೆಗಳು ಕೆಲವೇ ತಿಂಗಳಲ್ಲಿ, ಸಾಲಪತ್ರ ಮಾರಾಟವಾಗುವ ಮೊದಲೇ ಮೊಕದ್ದಮೆ ಹೂಡಿದವು. 2019ರಲ್ಲಿ ಶಾಸನಸಭೆ ತಾನೇ ಆ ನಿರ್ಧಾರ ಹಿಂತೆಗೆದುಕೊಂಡಿತು. ಮೊಕದ್ದಮೆಯ ನೆರಳಿದ್ದ ಸಾಲಪತ್ರವನ್ನು ಕೊಳ್ಳಲು ಯಾರು ಮುಂದೆ ಬರುತ್ತಾರೆ? ಹಣ ಕೈಬಿಡುವ ಮುನ್ನ ಹಾಕಿದ ಅಡ್ಡಗಾಲಿಗೆ ಇರುವ ಬಲ ಆಮೇಲೆ ಸಿಗುವ ತೀರ್ಪಿಗಿಲ್ಲ.

ಮುಂದಿನ ಸಲ ಬರೆಯುವಾಗ

ನೀವು ಚಾಪೆ ಕೆಳಗೆ ತೂರಿದರೆ ಬಜೆಟ್ ಬರೆಯುವವರು ರಂಗೋಲಿ ಕೆಳಗೆ ತೂರುತ್ತಾರೆ. ಆದ್ದರಿಂದ ಪ್ರತಿ ಸೋರಿಕೆಯನ್ನೂ ಬರೆದಿಟ್ಟುಕೊಂಡು ನವೀಕರಣದ ಪಠ್ಯದಲ್ಲಿ ಮುಚ್ಚಬೇಕು. ಮಿನೆಸೋಟದವರು 2024ರಲ್ಲಿ ಲಾಟರಿ ಪಾಲನ್ನು 2050ರವರೆಗೆ ವಿಸ್ತರಿಸಿಕೊಂಡಾಗ, ಕೊಳಚೆ ನೀರು ಸಂಸ್ಕರಣೆಯ ಸ್ಥಾವರ ಕಟ್ಟುವುದಕ್ಕೂ ನಡೆಸುವುದಕ್ಕೂ ಈ ಹಣ ಬಳಸಕೂಡದು ಎಂದು ಹೆಸರಿಟ್ಟೇ ಬರೆದರು. ಶೇ 77ರಷ್ಟು ಮತ ಬಿತ್ತು.

ಟೆಕ್ಸಸ್‌ನಲ್ಲಿ ಆಟದ ಸಾಮಾನಿನ ಮಾರಾಟ ತೆರಿಗೆ 1993ರಿಂದಲೇ ಉದ್ಯಾನಗಳಿಗೆಂದು ಇತ್ತು. ಆದರೆ 2007ರವರೆಗೆ ಕಾನೂನಿನ ಮಿತಿ ವರ್ಷಕ್ಕೆ 3.2 ಕೋಟಿ ಡಾಲರ್, ಆ ಮಿತಿ ತೆಗೆದ ಮೇಲೂ ಹಣದ ಒಂದು ಪಾಲು ಬೇರೆಡೆಗೆ ಹರಿಯುತ್ತಿತ್ತು. 2019ರಲ್ಲಿ ಶೇ 88 ಮತದಾರರು ಅದನ್ನು ಸಂವಿಧಾನಕ್ಕೆ ಏರಿಸಿದರು. ಕಡಿತ ಬೇಕಾದರೆ ಎರಡೂ ಸದನಗಳಲ್ಲಿ ಮೂರನೇ ಎರಡು ಬಹುಮತ ಬೇಕು, ಹೆಸರು ದಾಖಲಾಗುವ ಮತದಾನ ಆಗಬೇಕು, ಹಾಗಿದ್ದೂ ಅರ್ಧಕ್ಕಿಂತ ಹೆಚ್ಚು ಕಡಿಯುವಂತಿಲ್ಲ. ಕಷ್ಟಕಾಲಕ್ಕೆ ಒಂದು ಕಿಂಡಿ ಬಿಟ್ಟು, ಆ ಕಿಂಡಿಯಲ್ಲಿ ನುಸುಳುವವರ ಹೆಸರು ಬರೆದುಕೊಳ್ಳುವ ಈ ಉಪಾಯ ಬೀಗ ಜಡಿದ ಬಾಗಿಲಿಗಿಂತ ಹೆಚ್ಚು ಬಾಳಿಕೆ ಬರಬಹುದು.

ಎಲ್ಲಕ್ಕಿಂತ ಗಟ್ಟಿಯಾದದ್ದು ಹಣವನ್ನು ನಿರ್ಧರಿಸುವ ಕೈಯನ್ನೇ ಬದಲಿಸುವುದು. ಕೊಲರಾಡೊದಲ್ಲಿ ಲಾಟರಿ ಹಣ ಜೈಲು ಕಟ್ಟಲು ಹೋಗುತ್ತಿದ್ದುದನ್ನು ನೋಡಿ ಬೇಸತ್ತ ಜನ 1992ರಲ್ಲಿ ಅದನ್ನು ಪ್ರತ್ಯೇಕ ಮಂಡಳಿಗೆ ಒಪ್ಪಿಸಿದರು, ಅದರ ಅನುದಾನಕ್ಕೆ ಶಾಸನಸಭೆಯ ಹಂಚಿಕೆ ಬೇಕಿಲ್ಲ. ಮಿಸೌರಿಯಲ್ಲಿ 1976ರ ಜನಮತದ ಪ್ರಕಾರ ಪ್ರತಿ 8 ಡಾಲರ್ ಖರೀದಿಗೆ 1 ಸೆಂಟ್ ಸಂರಕ್ಷಣಾ ಆಯೋಗಕ್ಕೆ ಹೋಗುತ್ತದೆ, ಮುಗಿಯುವ ದಿನವೇ ಇಲ್ಲ.

ಮಿನೆಸೋಟದ ಲೆಗಸಿ ತೆರಿಗೆ 2034ರ ಜೂನ್ 30ಕ್ಕೆ ನಿಲ್ಲುತ್ತದೆ, ಫ್ಲೋರಿಡಾದ 20 ವರ್ಷ 2035ಕ್ಕೆ ತುಂಬುತ್ತದೆ. ಮಿನೆಸೋಟದಲ್ಲಿ ತಿದ್ದುಪಡಿಯ ಪ್ರಶ್ನೆಗೆ ಗುರುತು ಹಾಕದೆ ಬಿಟ್ಟ ಮತಪತ್ರ ಬೇಡ ಎಂದ ಲೆಕ್ಕಕ್ಕೇ ಸೇರುತ್ತದೆ, ಫ್ಲೋರಿಡಾದಲ್ಲಿ ಶೇ 60 ದಾಟಲೇಬೇಕು. ಪಠ್ಯ ಬರೆಯುವುದು, ಮಿನೆಸೋಟದಲ್ಲಾದರೆ ಶಾಸನಸಭೆಯ ಒಪ್ಪಿಗೆ, ಫ್ಲೋರಿಡಾದಲ್ಲಾದರೆ ಸಹಿ ಸಂಗ್ರಹ, ಕೋರ್ಟಿನ ಪರಿಶೀಲನೆ ಎಲ್ಲಕ್ಕೂ ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಲೆಕ್ಕದ ಪಟ್ಟಿಯನ್ನು ಈ ವರ್ಷದ ಬಜೆಟ್‌ನಿಂದಲೇ ಶುರುಮಾಡಿ.